ಹಾರುವ ಮಕ್ಕಳ ಫೋಟೋ ಮಾಸ್ತರು

ಸಿನಿಮಾ ಮುಗಿದು, ದೀಪ ಹತ್ತಿ, ಮಂದಿಯೆಲ್ಲ ಕಾಲಿನಿಂದ ಚಪ್ಪಲಿ ತಡಕಾಡುತ್ತ ಬಾಗಿಲಿಗೆ ನುಗ್ಗಿದ ಮೇಲೂ ಕುರ್ಚಿ ಬಿಡದವರನ್ನು ನಾನು ನನ್ನ ಜೀವಮಾನದಲ್ಲಿ ಒಬ್ಬರನ್ನೇ ನೋಡಿದ್ದು. ಕಲಬುರಗಿಯ ಟಾಕೀಜಿನಲ್ಲಿ ಕಸ ಹೊಡೆಯುವವನು ಪೊರಕೆ ಹಿಡಿದು ಬಂದು, "ಏಳ್ರೀ ಯಜಮಾನ್ರ, ಹೀರೋ ಮನಿಗಿ ಹೋಗಿ ಊಟಾ ಮಾಡಾಕತ್ಯಾನ" ಎಂದು ರೇಗಿಸುತ್ತಿದ್ದ. ಇವರು ಎರಡೂ ಕಾಲು ಮೇಲೆತ್ತಿ ಅವನ ಪೊರಕೆಗೆ ದಾರಿ ಬಿಡುತ್ತಿದ್ದರು, ಏಳುತ್ತಿರಲಿಲ್ಲ. ಪರದೆಯ ಮೇಲೆ ಇಂಗ್ಲಿಷ್ ಹೆಸರುಗಳು ಇರುವೆ ಸಾಲಿನ ಹಾಗೆ ಮೇಲಕ್ಕೆ ಹರಿಯುತ್ತಿರುತ್ತಿದ್ದವು. ಪಕ್ಕದಲ್ಲಿ ಕೂತ ನನ್ನ ತೊಡೆ ಹಿಸುಕಿ, "ತಮ್ಮಾ, ಬಂತು ಬಂತು, ಕ್ಯಾಮೆರಾದ ಹೆಸರ ಬರಾಕತ್ತದ, ಓದು!" ಅನ್ನುತ್ತಿದ್ದರು. ನಾನು ಓದಿ ಹೇಳಿದ ಮೇಲೆಯೇ ಅವರಿಗೆ ಸಿನಿಮಾ ಮುಗಿಯುತ್ತಿತ್ತು. ಸಾಮಾನ್ಯವಾಗಿ ಆ ಅಕ್ಷರಗಳ ಭಾಗವನ್ನು ಆಪರೇಟರ್ ಅರ್ಧಕ್ಕೇ ಬಂದ್ ಮಾಡಿಬಿಡುತ್ತಿದ್ದ. ಮಾಡಬಾರದೆಂದು ಅವನಿಗೆ ನಮ್ಮೂರು ಆಳಂದದಿಂದ ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹೋಗುತ್ತಿತ್ತು.

ಅವರು ತೀರಿಹೋಗಿ ಈ ಅಮಾವಾಸ್ಯೆಗೆ ಮೂರು ತಿಂಗಳು. ಹೆಸರು ಬರೆಯುವುದಿಲ್ಲ. ಆಳಂದದವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳಿ ಉಪಯೋಗವಿಲ್ಲ. ಅವರೇ ತಮ್ಮ ಹೆಸರಿನ ರಬ್ಬರ್ ಸಿಕ್ಕಾವನ್ನು ಫೋಟೋದ ಬೆನ್ನಿಗೆ ಒತ್ತುತ್ತಿದ್ದವರು. "ಮುಂದ ಕೂಸಿನ ಮಾರಿ ಇರ್ತದ. ನನ್ನ ಹೆಸರಿಗಿ ಅಲ್ಲೇನು ಕೆಲಸ?" ಅನ್ನೋರು. ಊರಿಗೆಲ್ಲ ಅವರು ಫೋಟೋ ಮಾಸ್ತರು, ನಾನೂ ಹಾಗೇ ಬರೆಯುತ್ತೇನೆ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಅವರಿಗೆ ಒಂದು ದ್ರೋಹ ಮಾಡಿದ್ದೇನೆ. ಅದನ್ನು ಬಿಟ್ಟು ಬರೀ ಗುಣಗಾನ ಬರೆದರೆ, "ಲೇ, ಅರ್ಧಾ ಮಾರಿ ಫೋಟೋ ತಗೀಬ್ಯಾಡ" ಅಂತ ಅವರು ಇದ್ದಲ್ಲಿಂದಲೇ ಬೈದಾರು.

ನನ್ನ ಕೆಲಸ ಕಣ್ಣಿನ ಶಿಬಿರಗಳಲ್ಲಿ. ಡಾಕ್ಟರಲ್ಲ, ಡಾಕ್ಟರು ಬರುವ ಮುಂಚೆ ಅಕ್ಷರದ ಹಲಗೆ ತೋರಿಸಿ, ಟಾರ್ಚು ಬಿಟ್ಟು ನೋಡಿ, ಚೀಟಿ ಬರೆಯುವವನು. ಆದರೂ ಮಂದಿ ಡಾಕ್ಟ್ರೇ ಅನ್ನುತ್ತಾರೆ, ನಾನೂ ಬೇಡ ಅನ್ನುವುದಿಲ್ಲ. ಇವತ್ತು ಅಫಜಲಪುರ, ನಾಡಿದ್ದು ಜೇವರ್ಗಿ, ಮುಂದಿನ ವಾರ ಹಿರೋಳ್ಳಿ, ಹೀಗೆ ತಿರುಗಾಟ. ಶಿಬಿರ ನಡೆದದ್ದಕ್ಕೆ ಫೋಟೋ ಹಚ್ಚಿ ಕಳಿಸಬೇಕಲ್ಲ, ಆ ಫೋಟೋ ತೆಗೆಯಲು ಮಾಸ್ತರು ನಮ್ಮ ಜೀಪಿನಲ್ಲಿ ಬರುತ್ತಿದ್ದರು. ಹಾಗೆ ಗೆಳೆತನ ಬೆಳೆಯಿತು. ನನಗಿಂತ ಹದಿನೈದು ವರ್ಷ ದೊಡ್ಡವರು. ಅವರು ತಮ್ಮಾ ಅಂದರು, ನಾನು ಅವರ ಹೆಂಡತಿಗೆ ವೈನಿ ಅಂದೆ, ಅತ್ತಿಗೆ ಅಂದ ಹಾಗೆ.

ಶಿಬಿರದಲ್ಲಿ ನಾನು ಮುದುಕರಿಗೆ ಕೇಳುವ ಪ್ರಶ್ನೆಗಳೆಲ್ಲ ಅವರಿಗೆ ಬಾಯಿಪಾಠ ಆಗಿದ್ದವು. ಜೀಪಿನಲ್ಲಿ ವಾಪಸ್ ಬರುವಾಗ ನನ್ನ ದನಿ ತೆಗೆದು ಅಣಕಿಸುತ್ತಿದ್ದರು. "ಯಮ್ಮಾ, ದೀಪದ ಸುತ್ತ ಬಳಿ ಬಳಿ ಕಾಣ್ತದೇನು? ಬಿಳಿ ಬಟ್ಟಿ ಹಳದಿ ಕಾಣ್ತದೇನು? ಹಂಗಾರ ನಿನಗ ಮೋತಿಬಿಂದು ಬಂದದ, ಕಣ್ಣಿಗಿ ಪೊರಿ, ಅಂಜಬ್ಯಾಡ!" ಡ್ರೈವರ್ ನಕ್ಕು ನಕ್ಕು ಸ್ಟೇರಿಂಗ್ ಬಿಡುವ ಹಾಗಾಗುತ್ತಿತ್ತು.

ಅವರ ಸ್ಟುಡಿಯೋ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ರಸಗೊಬ್ಬರದ ಅಂಗಡಿಯ ಮೇಲೆ. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಮದುಮಗ ಮದುಮಗಳು ಜೋಡಿಯಾಗಿ ಹತ್ತುವ ಹಾಗಿಲ್ಲ, ಒಬ್ಬರ ಹಿಂದೆ ಒಬ್ಬರು. ಪಾಸ್‌ಪೋರ್ಟ್ ಫೋಟೋ, ಲಗ್ನದ ಫೋಟೋ ಎಲ್ಲಾ ಕಡೆ ತೆಗೆಯುತ್ತಾರೆ. ಇವರ ಹತ್ತಿರ ಮಂದಿ ಬರುತ್ತಿದ್ದದ್ದು ಮಕ್ಕಳನ್ನು ಹಾರಿಸಲಿಕ್ಕೆ.

ಆಳಂದದಲ್ಲಿ ಆಗ ಅದೊಂದು ಪದ್ಧತಿಯೇ ಆಗಿಹೋಗಿತ್ತು. ಮಗುವನ್ನು ಒಂದನೇ ಇಯತ್ತೆಗೆ ಹಾಕುವ ಮುಂಚೆ ಮಾಸ್ತರ ಹತ್ತಿರ ತಂದು ಒಂದು ಹಾರುವ ಫೋಟೋ ತೆಗೆಸಬೇಕು. ಸಿನಿಮಾದ ಹಾರುವ ವೀರರ ಹಾಗೆ ನೀಲಿ ಅಂಗಿ, ಎದೆಯ ಮೇಲೆ ಆಳಂದದ ದೊಡ್ಡ 'ಆ', ಬೆನ್ನಿಗೆ ವೈನಿಯ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು. ಅಂಗಿ ಒಂದೇ ಅಳತೆಯದು, ಬಡಕಲು ಮಕ್ಕಳಿಗೆ ಹಿಂದೆ ಪಿನ್ನು ಚುಚ್ಚಿ ಬಿಗಿ ಮಾಡುತ್ತಿದ್ದರು. ಫೋಟೋದಲ್ಲಿ ಮಗು ಎರಡೂ ಕೈ ಮುಂದೆ ಚಾಚಿಕೊಂಡು, ಕೆಳಗೆ ಬಜಾರು, ಬಸ್ಸು, ತೊಗರಿ ಚೀಲ ಹೊತ್ತ ಟ್ರ್ಯಾಕ್ಟರು ಬಿಟ್ಟು ಮೇಲೆ ಹಾರುತ್ತಿರುತ್ತಿತ್ತು. "ಸಾಲಿಗಿ ಹಾಕೋ ಮೊದಲ ಒಂದ್ ಸಲ ಹಾರಲಿ ಬಿಡ್ರಿ. ಆಮ್ಯಾಲ ಜೀವನ ಪೂರಾ ಕುಂದ್ರೂದ ಅದ" ಅನ್ನುವುದು ಅವರ ಮಾತು.

ಅದನ್ನು ಹೇಗೆ ಮಾಡುತ್ತಿದ್ದರೋ ಕೇಳಿ. ಬೆಳಿಗ್ಗೆ ಮಾಳಿಗೆ ಹತ್ತಿ, ಲೆನ್ಸಿನ ಮುಂದೆ ಮೇಲಿನ ಅರ್ಧಕ್ಕೆ ಕರಿ ರಟ್ಟು ಹಿಡಿದು, ಇಡೀ ರೀಲಿನ ತುಂಬ ಊರನ್ನು ತೆಗೆಯುತ್ತಿದ್ದರು. ಆಮೇಲೆ ಕತ್ತಲೆ ಕೋಣೆಯಲ್ಲಿ ಅದೇ ರೀಲನ್ನು ಹಿಂದಕ್ಕೆ ಸುತ್ತಿ, ಉಗುರಿನಿಂದ ಗುರುತು ಹಿಡಿದು, ಮತ್ತೆ ಕ್ಯಾಮೆರಾಕ್ಕೆ ಹಾಕುವುದು. ಈಗ ರಟ್ಟು ಕೆಳಗಿನ ಅರ್ಧಕ್ಕೆ. ಮಗುವನ್ನು ಸ್ಟೂಲಿನ ಮೇಲೆ ಹೊಟ್ಟೆ ಕೆಳಗೆ ಮಾಡಿ ಮಲಗಿಸಿ, ಸ್ಟೂಲು ಕಾಣದ ಹಾಗೆ ಆಕಾಶದ ಬಣ್ಣ ಬಳಿದ ಬಟ್ಟೆ ಮುಚ್ಚಿ, ಕ್ಲಿಕ್. ಊರು ಆಗಲೇ ರೀಲಿನಲ್ಲಿ ಇರುವುದರಿಂದ ಒಂದು ಮಗುವಿಗೆ ಒಂದೇ ಸಲ. ಕಣ್ಣು ಪಿಳುಕಿಸಿದರೂ ಹೋಯಿತು, ಸೀನಿದರೂ ಹೋಯಿತು. ಹೀಗಾಗಿ ಕ್ಲಿಕ್ ಮಾಡುವ ಮುಂಚೆ ಮಾಸ್ತರು ಮಗುವಿನ ಮುಂದೆ ಮೊಣಕಾಲೂರಿ ಕೂತು ಅದರ ಮುಖವನ್ನೇ ದಿಟ್ಟಿಸುತ್ತಿದ್ದರು. ಎರಡು ನಿಮಿಷ, ಮೂರು ನಿಮಿಷ. ಮಗುವಿನ ಮುಖ ತಿಳಿಯಾಗುವ ಹೊತ್ತು ಅವರಿಗೆ ಗೊತ್ತಾಗುತ್ತಿತ್ತು. ರೀಲು ಕಲಬುರಗಿಯ ಲ್ಯಾಬಿಗೆ ಬಸ್ಸಿನಲ್ಲಿ ಹೋಗಿ, ತೊಳೆಸಿಕೊಂಡು, ಬಣ್ಣ ಹಿಡಿಸಿಕೊಂಡು ನಾಲ್ಕನೇ ದಿನಕ್ಕೆ ಬರುತ್ತಿತ್ತು. ಆ ನಾಲ್ಕು ದಿನ ತಾಯಂದಿರು ಸ್ಟುಡಿಯೋದ ಮೆಟ್ಟಿಲು ಹತ್ತಿ ಇಳಿದು ಮಾಡುತ್ತಿದ್ದರು.

ಇಂಥವರು ಹಾರುವ ಸಿನಿಮಾಗಳ ಮೇಲೆ ಕಣ್ಣಿಟ್ಟಿರುವುದು ಸಹಜವೇ. ಹಿಂದಿ ಮಾತು ಹಚ್ಚಿದ ಇಂಗ್ಲಿಷ್ ಸಿನಿಮಾಗಳು. ಕಥೆ ಅವರಿಗೆ ಬೇಕಾಗಿರಲಿಲ್ಲ. "ದುಷ್ಟ ಇರ್ತಾನ, ಬಡೀತಾನ, ಮುಗೀತು" ಎಂದು ಒಂದೇ ಉಸುರಿಗೆ ಮುಗಿಸುವರು. ಹೀರೋನನ್ನು ಯಾವ ಕ್ಯಾಮೆರಾದಲ್ಲಿ ಹಾರಿಸಿದರು ಅನ್ನುವುದಷ್ಟೇ ಪ್ರಶ್ನೆ. ಮೊದಲು ಎಲ್ಲವೂ ರೀಲಿನಲ್ಲೇ ಬರುತ್ತಿದ್ದವು. ನಡುವೆ ಒಂದೊಂದು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು ಬರತೊಡಗಿತು. ಮಾಸ್ತರು ಇಂಟರ್ವಲ್ಲಿನಲ್ಲಿ ಚಹಾ ಹಿಡಿದು ತೀರ್ಪು ಕೊಡುತ್ತಿದ್ದರು. ಕೊನೆಯ ಅಕ್ಷರಗಳಲ್ಲಿ ನಾನು ಕ್ಯಾಮೆರಾದ ಹೆಸರು ಓದಿದರೆ ತಪ್ಪದೆ ಅದೇ ಇರುತ್ತಿತ್ತು.

"ಹೆಂಗ ಗೊತ್ತಾಗ್ತದ್ರಿ ಮಾಸ್ತರ?" ಅಂದೆ ಒಮ್ಮೆ.

"ರೀಲ್ ಅಂದ್ರ ಜೋಳದ ಹಿಟ್ಟು ತಮ್ಮಾ, ಜರಾ ರವಾ ರವಾ ಇರ್ತದ. ಡಿಜಿಟಲ್ ಅಂದ್ರ ಮೈದಾ. ಭಾಳ ನುಣ್ಣಗ. ಮತ್ತ ಬೆಂಕಿ ನೋಡು. ದುಷ್ಟ ಊರು ಸುಡ್ತಾನಲ್ಲ, ಆವಾಗ ನೋಡು. ರೀಲಿನ್ಯಾಗ ಬೆಂಕಿ ನಡುಮಧ್ಯನೂ ಕೇಸರಿನೇ ಇರ್ತದ. ಡಿಜಿಟಲ್‌ನ್ಯಾಗ ನಡುವ ಬೆಳ್ಳಗ ತೂತ ಬಿದ್ದಂಗ ಕಾಣ್ತದ."

ಅವತ್ತಿನಿಂದ ನಾನೂ ಸಿನಿಮಾದಲ್ಲಿ ಬೆಂಕಿಯನ್ನೇ ನೋಡತೊಡಗಿದೆ. ನನಗೆ ಯಾವ ತೂತೂ ಕಾಣಲಿಲ್ಲ, ಆದರೆ ಹೌದ್ರಿ ಹೌದ್ರಿ ಅನ್ನುತ್ತಿದ್ದೆ.

ಪ್ರತಿಜ್ಞೆ ಆದದ್ದು ಬಸ್ ಸ್ಟ್ಯಾಂಡಿನ ಚಹಾದ ಹೋಟೆಲಿನಲ್ಲಿ. ಊರಿನಲ್ಲಿ ಹೊಸ ಡಿಜಿಟಲ್ ಸ್ಟುಡಿಯೋ ತೆರೆದ ಹರೆಯದವನೊಬ್ಬ ಎಲ್ಲರ ಎದುರಿಗೆ ಕೆಣಕಿದ. "ಮಾಸ್ತರ, ಈಗ ಹಾರೋ ಪಿಚ್ಚರದವ್ರು ಸೈತ ರೀಲ್ ಬಿಟ್ಟಾರ. ನೀವೊಬ್ರ ಅದನ್ನ ಹಿಡ್ಕೊಂಡು ಕುಂತೀರಿ. ಮುದಿ ಎಮ್ಮಿ ಹಿಂಡಿದಂಗ ಆತು!" ಹೋಟೆಲಿಗೆ ಹೋಟೆಲೇ ನಕ್ಕಿತು. ಮಾಸ್ತರು ಸಿಟ್ಟಾಗಲಿಲ್ಲ. ಎದೆಯ ಮೇಲಿನ ಲಿಂಗದ ಕರಡಿಗೆಗೆ ಕೈ ಹಚ್ಚಿ, "ನನಗ ಫರಕ್ ಕಾಣೋ ತನಕ ರೀಲ್. ಯಾವತ್ತ ನಾ ಡಿಜಿಟಲ್ ಪಿಚ್ಚರ್ ನೋಡಿ ಇದು ರೀಲ್ ಅಂತೇನಿ, ಅವತ್ತಿಗಿ ನನ್ನ ರೀಲ್ ಕ್ಯಾಮೆರಾ ಬಂದ್. ಲಿಂಗದ ಆಣಿ" ಅಂದರು. ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಅರ್ಧ ತಾಸು ರೆಪ್ಪೆ ಹೊಡೆಯದೆ ನೋಡುವ ಮನುಷ್ಯ. ಆ ಆಣೆ ಹುಡುಗಾಟದ್ದಲ್ಲ ಅಂತ ಎಲ್ಲರಿಗೂ ಗೊತ್ತಿತ್ತು.

ಮುಂದಿನ ಒಂದೆರಡು ವರ್ಷದಲ್ಲಿ ಸ್ಟುಡಿಯೋ ಖಾಲಿಯಾಗುತ್ತ ಬಂತು. ಮಂದಿಗೆ ನಾಲ್ಕು ದಿನ ಕಾಯುವ ತಾಳ್ಮೆ ಹೋಗಿತ್ತು, ರೀಲು ಸೊಲ್ಲಾಪುರದಲ್ಲೂ ಸಿಗುವುದು ಕಷ್ಟವಾಗಿತ್ತು, ಕಲಬುರಗಿಯ ಲ್ಯಾಬಿನವನು ಇವತ್ತು ಮುಚ್ಚುತ್ತೇನೆ ನಾಳೆ ಮುಚ್ಚುತ್ತೇನೆ ಅನ್ನುತ್ತಿದ್ದ. ಒಂದು ದಿನ ವೈನಿ ನನ್ನನ್ನು ಅಡುಗೆಮನೆಗೆ ಕರೆದು, ರೊಟ್ಟಿ ಬಡಿಯುವುದು ಬಿಟ್ಟು, ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು.

"ತಮ್ಮಾ, ಅಂಗಡ್ಯಾಗ ನೊಣಾ ಬರ್ತಾವ, ಮಂದಿ ಬರಂಗಿಲ್ಲ. ಮುಂಜಾನಿಂದ ಸಂಜಿ ತನಕ ಒಬ್ರ ಕುಂತು ಆ ಅಂಗಿ ಒಗ್ಯೂದು ಒಣಗಸೂದು ಮಾಡ್ತಾರ. ಒಳಗಿಂದೊಳಗ ಸಾಯಾಕತ್ಯಾರ. ಆ ಆಣಿ ಹೆಂಗರ ಮಾಡಿ ಬಿಡಸೋ ಯಪ್ಪಾ. ನಿನ್ನ ಮಾತ ಕೇಳ್ತಾರ."

ಹೆಂಗರ ಮಾಡಿ ಅಂದರು. ಆ ಮಾತು ನನ್ನ ತಲೆಯಲ್ಲಿ ಕೂತಿತು.

ಅದಾಗಿ ಕೆಲವೇ ದಿನಕ್ಕೆ ಹೊಸ ಹಾರುವ ಸಿನಿಮಾ ಕಲಬುರಗಿಗೆ ಬಂತು. ಬೆಳಗಿನ ಬಸ್ಸಿಗೆ ಹೊರಟೆವು. ನಾನು ಕರೆಯಲು ಹೋದಾಗ ಅವರಿನ್ನೂ ಪೂಜೆಯಲ್ಲಿದ್ದರು. ಲಿಂಗ ಹಿಡಿದ ಅಂಗೈ ಮುಂಚಿನ ಹಾಗೆ ಎದೆಯ ಎದುರಿಗೆ ಇರದೆ ಮೂಗಿನ ಹತ್ತಿರ ಬಂದಿತ್ತು. ಬಸ್ಸಿನಲ್ಲಿ ಅವರಿಗೆ ಕಿಟಕಿಯ ಸೀಟು. ಬಿಸಿಲು ಅಡ್ಡಲಾಗಿ ಮುಖಕ್ಕೆ ಬಿತ್ತು. ನಾನು ಏನೋ ಹೇಳಲು ಅವರ ಕಡೆ ತಿರುಗಿದಾಗ ಅವರ ಕಣ್ಣು ಕಂಡವು. ಎರಡೂ ಕಣ್ಣಿನ ಕಪ್ಪಿನೊಳಗೆ ಮಬ್ಬು. ಟಾರ್ಚೇ ಬೇಡ, ದಿನಾ ನೂರು ಕಣ್ಣು ನೋಡುವವನಿಗೆ ಅಷ್ಟು ಸಾಕು. ಮೋತಿಬಿಂದು.

ಹೇಳಬೇಕು ಅಂತ ಬಾಯಿ ತೆರೆದೆ. ವೈನಿಯ ಹಿಟ್ಟಿನ ಕೈ ನೆನಪಾಯಿತು. ಈ ಕಣ್ಣಿಗೆ ಫರಕ್ ಕಾಣದಿದ್ದರೆ ಆಣೆ ತಾನೇ ಬಿಡುತ್ತದೆ. ಬಾಯಿ ಮುಚ್ಚಿದೆ.

ಇಂಟರ್ವಲ್ಲಿನಲ್ಲಿ ಮಾಸ್ತರು ಚಹಾ ಹಿಡಿದು, ಕಣ್ಣು ಕಿರಿದು ಮಾಡಿ, ಖುಷಿಯಿಂದ ಹೇಳಿದರು. "ರೀಲ್. ನೂರಕ್ಕ ನೂರು ರೀಲ್. ಬೆಂಕಿ ನೋಡಿದಿಲ್ಲೋ? ಪೂರಾ ಕೇಸರಿ!" ಅವರಿಗೆ ಎಲ್ಲವೂ ಕೇಸರಿಯಾಗಿಯೇ ಕಾಣುತ್ತಿತ್ತು ಅನ್ನುವುದು ನನಗೊಬ್ಬನಿಗೆ ಗೊತ್ತು. ಕೊನೆಗೆ ಅಕ್ಷರ ಬಂದವು. ಕಸ ಹೊಡೆಯುವವನೂ ಬಂದ. ನಾನು ಓದಿದೆ. ಡಿಜಿಟಲ್ ಕ್ಯಾಮೆರಾ.

"ಇನ್ನೊಮ್ಮಿ ಓದು."

"ಹೋತ್ರಿ, ಮ್ಯಾಲ ಹೋತು. ಆದ್ರ ಡಿಜಿಟಲ್ಲೇ ಇತ್ರಿ ಮಾಸ್ತರ."

ಅವರು ಖಾಲಿ ಪರದೆಯ ಕಡೆ ತಿರುಗಿದರು. ಅಳುತ್ತಾರೇನೋ ಅಂದುಕೊಂಡೆ. ಅತ್ತಿದ್ದರೆ ನಾನು ಅಲ್ಲೇ ಎಲ್ಲಾ ಒದರಿಬಿಡುತ್ತಿದ್ದೆನೇನೋ. ಅವರು ನಕ್ಕರು. "ಎಂಥಾ ಶಾಣ್ಯಾ ಆಗ್ಯದಲ್ಲೋ ತಮ್ಮಾ ಡಿಜಿಟಲ್! ನನ್ನ ಕಣ್ಣಿಗೇ ಮಣ್ಣ ಹಾಕ್ತಲ್ಲ! ಮಾಡಿದವ್ರ ಕೈಗಿ ಶರಣ ಅನಬೇಕು" ಅಂದು, ಪರದೆಗೆ ಕೈ ಮುಗಿದು ಎದ್ದರು. ಬಸ್ಸಿನಲ್ಲಿ ಆಳಂದದ ತನಕ ಆ ಕ್ಯಾಮೆರಾ ಮಾಡಿದವರನ್ನು ಹೊಗಳಿದರು. ನಾನು ಹೌದ್ರಿ ಹೌದ್ರಿ ಅನ್ನುತ್ತ ಬಂದೆ.

ಇಳಿದವರು ಮನೆಗೆ ಹೋಗಲಿಲ್ಲ, ನೆಟ್ಟಗೆ ಆ ಚಹಾದ ಹೋಟೆಲಿಗೆ ಹೋಗಿ, "ನಾ ಸೋತೇನ್ರಪ್ಪ" ಎಂದು ಎಲ್ಲರೆದುರು ಹೇಳಿದರು. ಹದಿನೈದು ದಿನದಲ್ಲಿ ಹಳೆಯ ಕ್ಯಾಮೆರಾ ಕೊಟ್ಟು ಡಿಜಿಟಲ್ ತಂದರು, ಒಂದು ಕಂಪ್ಯೂಟರ್ ತಂದರು. ರಟ್ಟು, ಸ್ಟೂಲು ಮೂಲೆ ಸೇರಿದವು. ಸ್ಟುಡಿಯೋ ಮತ್ತೆ ತುಂಬಿತು. ವೈನಿ ನನಗೆ ಹೋಳಿಗೆ ಮಾಡಿ ಹಾಕಿದರು. ತಿಂದು ಎದ್ದೆ.

ಕಣ್ಣಿನ ವಿಷಯ ನಾಳೆ ಹೇಳೋಣ ಅಂದುಕೊಂಡೆ. ನಾಳೆ ಹೇಳಿದರೆ, "ಯಾವಾಗಿಂದ ಅದ ಇದು?" ಅಂತ ಕೇಳುತ್ತಾರೆ. ಏನು ಹೇಳುವುದು? ಹೀಗೆ ನಾಳೆ ನಾಳೆ ಅನ್ನುತ್ತ ಎರಡು ವರ್ಷ ಹೋಯಿತು. ಆ ಎರಡು ವರ್ಷದಲ್ಲಿ ಆದದ್ದೇ ಅನಾಹುತ.

ರೀಲಿನ ಕಾಲಕ್ಕೆ ಬಣ್ಣ ಹಿಡಿಸುವವನು ಲ್ಯಾಬಿನವನು. ಈಗ ಮಾಸ್ತರೇ ಕಂಪ್ಯೂಟರಿನ ಮುಂದೆ ಕೂತು ಬಣ್ಣ ಕೂಡಿಸುತ್ತಿದ್ದರು. ಮೋತಿಬಿಂದು ಬಂದ ಕಣ್ಣಿಗೆ ಬಿಳಿಯದೆಲ್ಲ ಹಳದಿ. ಅವರು ಆ ಹಳದಿ ಹೋಗುವ ತನಕ ನೀಲಿ ಹಾಕುತ್ತಿದ್ದರು. ಅವರಿಗೆ ಸರಿ ಕಂಡಾಗ ನಮಗೆ ನೀಲಿ. ಕೆಂಪು ಸೆರಗು ಬದನೆಕಾಯಿ ಬಣ್ಣ, ಮಕ್ಕಳ ಹಲ್ಲು ನೀಲಿ, ಆಳಂದದ ಧೂಳು ಸಹ ನೀಲಿ. ಮೊದಲ ಫೋಟೋ ನೋಡಿದಾಗಲೇ ನನಗೆ ಕಾರಣ ಗೊತ್ತಾಯಿತು. ಯಾರಾದರೂ ಬೈದು ಜಗಳ ತೆಗೆದರೆ ನನ್ನ ಪಾಲಿನ ಮಾತು ತಾನೇ ಹೊರಗೆ ಬರುತ್ತದೆ ಅಂತ ಕಾದೆ. ನಮ್ಮೂರ ಮಂದಿ ಬೈಯಲಿಲ್ಲ! ಡಿಜಿಟಲ್ ಅಂದರೆ ಹೀಗೇ ಇರುತ್ತದೆ ಎಂದು ತಿಳಿದರು. ಹಾರುವ ಸಿನಿಮಾಗಳಲ್ಲೂ ಈಗ ರಾತ್ರಿಯೆಲ್ಲ ನೀಲಿ ಇರುವುದಿಲ್ಲವೇ? ಮೇಲಾಗಿ ನೀಲಿಯಲ್ಲಿ ಮಕ್ಕಳು ಬೆಳ್ಳಗೆ ಕಾಣುತ್ತಿದ್ದರು. ಇನ್ನೇನು ಬೇಕು? ಆ ಡಿಜಿಟಲ್ ಸ್ಟುಡಿಯೋದ ಹರೆಯದವನೂ ತನ್ನ ಫೋಟೋಗಳಿಗೆ ನೀಲಿ ಹಾಕತೊಡಗಿದ. ಅಫಜಲಪುರದ ಸ್ಟುಡಿಯೋದಲ್ಲಿ ಮಂದಿ "ಆಳಂದ ಕಲರ್ ಹಾಕಿ ಕೊಡ್ರಿ" ಅಂತ ಕೇಳುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ನಗು ಬಂತು, ಆಮೇಲೆ ನಗು ಬಂದದ್ದಕ್ಕೆ ನಾಚಿಕೆಯಾಯಿತು.

ಡಿಜಿಟಲ್ ಬಂದ ಮೊದಲ ವರ್ಷವೇ ನನ್ನ ಮಗಳನ್ನೂ ಶಾಲೆಗೆ ಹಾಕುವ ಹೊತ್ತು ಬಂತು. ಅವಳನ್ನೂ ಹಾರಿಸಿದರು. ಚೌಕಟ್ಟು ಹಾಕಿಸಿ ತಂದು, ನಮ್ಮ ಮನೆಯ ಗೋಡೆಗೆ ತಾವೇ ಮೊಳೆ ಹೊಡೆದು ತೂಗಿಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, "ಈ ಕೂಸಿನ ಫೋಟೋ ನೋಡು, ನನ್ನ ಕೈಯಾಗ ಬಂದದ್ದರಾಗ ಇದ ಛಲೋ" ಅಂದರು. ನೀಲಿ ಬಿದ್ದ ನನ್ನ ಮಗಳು ಅವರ ಕಡೆ ನಗುತ್ತಿದ್ದಳು. ನಾನು, "ಭಾಳ ಛಲೋ ಬಂದದ್ರಿ" ಅಂದೆ.

ಕೊನೆಗೆ ನನ್ನ ಬದಲು ಬಾಯಿ ತೆರೆದವಳು ಜೇವರ್ಗಿ ಶಿಬಿರದ ಒಬ್ಬ ಮುದುಕಿ. ಸಾಲಿನಲ್ಲಿ ಕೂತಿದ್ದಳು. ಮಾಸ್ತರು ಫೋಟೋ ತೆಗೆಯಲು ಅವಳ ಎದುರಿಗೆ ಬಗ್ಗಿದರು. ಮುದುಕಿ ಅವರ ಮುಖ ನೋಡಿ, ಗಟ್ಟಿಯಾಗಿ, "ಏ ಡಾಕ್ಟ್ರ, ಈ ಫೋಟೋದವಗ ಮೊದಲ ಆಪ್ರೇಷನ್ ಮಾಡ್ರಿ! ಅಂವನ ಕಣ್ಣಾಗ ನನಕಿಂತ ಹೆಚ್ಚ ಪೊರಿ ಬಂದದ!" ಅಂದಳು. ಸಾಲಿಗೆ ಸಾಲೇ ನಕ್ಕಿತು, ಮಾಸ್ತರೂ ನಕ್ಕರು. ನಗುತ್ತ ನನ್ನ ಕಡೆ ತಿರುಗಿ, "ಹೌದೇನೋ?" ಅಂದರು. ನಾನು ಟಾರ್ಚು ತೆಗೆದು, ಮೊದಲ ಸಲ ನೋಡುವವನ ಹಾಗೆ ಬಗ್ಗಿ ನೋಡಿ, "ಅರೇ, ಹೌದಲ್ರಿ ಮಾಸ್ತರ!" ಅಂದೆ. ಇದು ಇನ್ನೊಂದು ಸುಳ್ಳು. ಬಸ್ಸಿನಲ್ಲಿ ಬಾಯಿ ಮುಚ್ಚಿದ್ದಕ್ಕಾದರೂ ವೈನಿಯ ನೆಪ ಇತ್ತು, ಇದಕ್ಕೆ ಯಾವುದೂ ಇಲ್ಲ.

ಎರಡೂ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ನಾನು ಅಲ್ಲೇ ಇದ್ದೆ. ಮೊದಲು ಕಂಡದ್ದು ಎದುರಿಗೆ ನಿಂತ ವೈನಿ. "ಏ, ನಿನ್ನ ಕೂದಲಾ ಇಷ್ಟ ಬೆಳ್ಳಗ ಯಾವಾಗ ಆದವು ಬೇ?" ಅಂದರು. "ನಿಮಗ ಕಾಣಲಾರದಾಗ ಆಗ್ಯಾವ್ರಿ" ಅಂದರು ವೈನಿ. ಎಲ್ಲರೂ ನಕ್ಕೆವು.

ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಮ್ಮ ಮನೆಗೆ ಬಂದರು. ಮಗಳು ಟಿವಿ ನೋಡುತ್ತಿದ್ದಳು. ನನ್ನ ಗ್ರಹಚಾರಕ್ಕೆ ಅದೇ ಸಿನಿಮಾ, ಅವರು ಸೋತ ಸಿನಿಮಾ. ಊರು ಉರಿಯುತ್ತಿತ್ತು. ಮಾಸ್ತರು ಕುರ್ಚಿಯಲ್ಲಿ ಕೂರುತ್ತಿದ್ದವರು ಅರ್ಧಕ್ಕೇ ನಿಂತು ಟಿವಿಯ ಹತ್ತಿರ ಹೋದರು.

"ಬೆಂಕಿ ನಡುವ ಬೆಳ್ಳಗ ಅದ" ಅಂದರು. "ಡಿಜಿಟಲ್ ಅದ ಇದು. ಖುಲ್ಲಂಖುಲ್ಲಾ ಕಾಣಾಕತ್ತದ."

ನಾನು ಚಹಾ ತರುವ ನೆಪದಲ್ಲಿ ಒಳಗೆ ಹೋದೆ. ಹೊರಗೆ ಬಂದಾಗ ಅವರು ಗೋಡೆಯ ಮೇಲಿನ ಮಗಳ ಫೋಟೋ ಇಳಿಸಿಕೊಂಡು ಬಾಗಿಲ ಬಿಸಿಲ ಹತ್ತಿರ ನಿಂತಿದ್ದರು.

"ಹಾವ ಕಡದ ಕೂಸಿನಂಗ ಮಾಡೇನಲ್ಲೋ" ಅಂದರು. ಸಣ್ಣ ದನಿ. "ತುಟಿ ನೀಲಿ ಅದಾವ. ಉಗುರ ನೀಲಿ ಅದಾವ. ಎಷ್ಟ ಮಕ್ಕಳನ್ನ ಹಿಂಗ ಮಾಡೇನಿ ನಾ?"

ನಾನು ಚಹಾದ ಲೋಟ ಕೆಳಗಿಟ್ಟೆ. ಅವರು ತಲೆ ಎತ್ತಿ ನನ್ನನ್ನೇ ನೋಡಿದರು. ಆ ಹೊಸ ಕಣ್ಣಿಗೆ ಎದುರು ನಿಲ್ಲುವುದಾಗಲಿಲ್ಲ.

"ಇದು ಎರಡ ವರ್ಷ ನಿನ್ನ ಗ್ವಾಡಿ ಮ್ಯಾಲ ಇತ್ತು. ನಿಂದು ಕಣ್ಣಿನ ಕೆಲಸ. ನಿನಗ ಗೊತ್ತಾಗಲಿಲ್ಲೇನು?"

"ಗೊತ್ತಾತ್ರಿ."

"ಅವತ್ತ ಟಾಕೀಜಿಗೆ ಹೋದಾಗ?"

"ಬಸ್ಸಿನ್ಯಾಗ ನೋಡಿದ್ದೆ. ಬಿಸಲ ಬಿದ್ದಾಗ."

ಅವರು ಫೋಟೋ ಬಗಲಲ್ಲಿ ಇಟ್ಟುಕೊಂಡರು. "ಹಂಗಾರ ನಾ ಡಿಜಿಟಲ್‌ಗೆ ಸೋತಿಲ್ಲ. ನಿನ್ನ ಮುಚ್ಚಿದ ಬಾಯಿಗಿ ಸೋತೇನಿ" ಅಂದು ಮೆಟ್ಟಿಲಿಳಿದರು. ಚಹಾ ಹಾಗೇ ಉಳಿಯಿತು.

ಹದಿನೈದು ದಿನ ಸುದ್ದಿ ಇಲ್ಲ. ಆಮೇಲೆ ವೈನಿಯಿಂದ ತಿಳಿಯಿತು, ಅವರು ಹಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು ಆ ಎರಡು ವರ್ಷದ ಒಂದೊಂದೇ ಮಗುವಿನ ನೀಲಿ ತೆಗೆಯುತ್ತಿದ್ದರು. ಮೂಲ ಫೋಟೋಗಳು ಇನ್ನೂ ಇದ್ದವು. "ಇದೊಂದು ಪುಣ್ಯಾ ನೋಡು ಡಿಜಿಟಲ್‌ದು. ರೀಲ್ ಆಗಿದ್ರ ಮುಗದಿತ್ತು" ಎಂದು ತಾವೇ ಒಪ್ಪಿದರಂತೆ. ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಅವರ ಸ್ಕೂಟರ್ ನಿಂತಿತು. ಹಿಂದಿನ ಸೀಟಿನ ಮೇಲೆ ಒಂದು ಚೀಲ.

"ಹತ್ತು" ಅಂದರು. "ಚೀಲಾ ಹಿಡಕೋ. ಮನಿ ಮನಿಗಿ ಹೋಗಿ ಹೊಸಾ ಫೋಟೋ ಕೊಡೂನು. ನಾ ಕೊಡ್ತೇನಿ. ಯಾಕ ಹಿಂಗಾತು ಅನ್ನೂದು ನೀ ಹೇಳು."

ಐದು ಭಾನುವಾರ ತಿರುಗಿದೆವು. ಆಳಂದದ ಓಣಿ ಓಣಿ, ಮಟಕಿ, ಹಿರೋಳ್ಳಿ. ಪ್ರತಿ ಮನೆಯಲ್ಲೂ ನಾನು ನಿಂತು ಹೇಳಬೇಕು. ಮಾಸ್ತರ ಕಣ್ಣಿಗೆ ಪೊರೆ ಬಂದಿತ್ತು, ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ, ಅದಕ್ಕೆ ನಿಮ್ಮ ಮಗು ನೀಲಿ ಆಯಿತು. ಮಂದಿ ನನ್ನನ್ನು ಬೈಯುತ್ತಾರೆ ಅಂದುಕೊಂಡರೆ ಹೊಸ ಫೋಟೋ ನೋಡಿ ಮಾಸ್ತರ ಜೊತೆಗೇ ಜಗಳಕ್ಕೆ ನಿಂತರು. "ಮಾಸ್ತರ, ನಮ್ಮ ಹುಡಗ ಕರ್ರಗಾದ್ನಲ್ರಿ!" ಅಂದ ಒಬ್ಬ ತೊಗರಿ ವ್ಯಾಪಾರಿ. "ಡಿಜಿಟಲ್ ಹೊಳಪ ಹೋತು, ಹಳೇದ ಇರ್ಲಿ" ಅಂದಳು ಹಿರೋಳ್ಳಿಯ ತಾಯಿ, ಫೋಟೋವನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಮಾಸ್ತರು ಹಳೆಯದನ್ನು ಕಸಿದುಕೊಳ್ಳಲಿಲ್ಲ. ಹೊಸದನ್ನೂ ಕೈಗಿಟ್ಟು, "ಎರಡೂ ಇಟ್ಕೋರಿ. ಕೂಸ ದೊಡ್ಡದಾದ ಮ್ಯಾಲ ಅದಕ್ಕ ತೋರಸ್ರಿ, ತನ್ನ ಬಣ್ಣ ಯಾವುದಂತ ಅದ ಹೇಳ್ಲಿ" ಅಂದರು. ಸ್ಕೂಟರಿನಲ್ಲಿ ಮಾತ್ರ ನನ್ನ ಜೊತೆ ಒಂದು ಮಾತಿಲ್ಲ. ಮೂರನೇ ಭಾನುವಾರದ ಮೇಲೆ ನಾನು ಆ ತಪ್ಪೊಪ್ಪಿಗೆಯನ್ನು ಶಿಬಿರದ ಪ್ರಶ್ನೆಗಳ ಹಾಗೆ ತಡೆಯಿಲ್ಲದೆ ಒಪ್ಪಿಸುತ್ತಿದ್ದೆ.

ಐದನೇ ಭಾನುವಾರ ಸಂಜೆ ಚೀಲ ಖಾಲಿಯಾಯಿತು ಅಂದುಕೊಂಡೆ. ಮಾಸ್ತರು ಸ್ಕೂಟರನ್ನು ನಮ್ಮ ಮನೆಗೆ ತಿರುಗಿಸಿದರು.

"ಇನ್ನೊಂದ ಮನಿ ಉಳದದ" ಅಂದರು.

ಒಳಗೆ ಬಂದು ಕೂತು ನನ್ನ ಮಗಳನ್ನು ಕರೆದರು. ಅವಳಿಗಾಗ ಎಂಟು ವರ್ಷ. ಅವಳ ಕೈಗೆ ಹೊಸ ಫೋಟೋ ಕೊಟ್ಟು, ನನ್ನ ಕಡೆ ನೋಡಿ, "ಹೇಳು" ಅಂದರು. ಅಷ್ಟು ಮನೆಗಳಲ್ಲಿ ಹೇಳಿದ ಮಾತು. ಇಲ್ಲಿ ಮೊದಲಿನಿಂದ ಹುಡುಕಬೇಕಾಯಿತು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹೇಗೋ ಹೇಳಿದೆ. ಮಾಸ್ತರಜ್ಜನ ಕಣ್ಣು ಹೋಗುತ್ತಿತ್ತು, ನನಗೆ ಗೊತ್ತಿತ್ತು, ಹೇಳಲಿಲ್ಲ.

ಮಗಳು ಫೋಟೋ ನೋಡಿದಳು, ನನ್ನನ್ನು ನೋಡಿದಳು.

"ಯಾಕ ಹೇಳಲಿಲ್ಲ?"

ನಾನು ಹೆಂಡತಿಯ ಕಡೆ ನೋಡಿದೆ. ಮಾಸ್ತರೇ ಹೇಳಿದರು. "ನಂದ ಛಲೋ ಆಗ್ಲಿ ಅಂತ ಹೇಳಲಿಲ್ಲವ್ವಾ."

ಅವಳು ಫೋಟೋ ಕೆಳಗಿಟ್ಟಳು. "ಹಂಗಾರ ನನ್ನ ಕಣ್ಣಿಗಿ ಏನರ ಆದ್ರ ನನಗೂ ಹೇಳಂಗಿಲ್ಲೇನಪ್ಪಾ?"

ಐದು ಭಾನುವಾರ ಯಾರೂ ಬೈಯದ ಬೈಗುಳವನ್ನು ನನ್ನ ಕೂಸು ಬೈದಿತು. "ಹೇಳ್ತೇನವ್ವಾ, ಖರೇ ಹೇಳ್ತೇನಿ" ಅಂದೆ. ಅವಳು ನನ್ನನ್ನು ನಂಬಲಿಲ್ಲ. ಮಾಸ್ತರ ಕಡೆ ತಿರುಗಿ, ಹೌದೋ ಅಲ್ಲವೋ ಅನ್ನುವ ಹಾಗೆ ಅವರ ಮುಖ ನೋಡಿದಳು.

ಮಾಸ್ತರು ಬಹಳ ದಿನದ ಮೇಲೆ ನನ್ನ ಮುಖವನ್ನು ದಿಟ್ಟಿಸಿ ನೋಡಿದರು. ನಾನು ಸ್ಟೂಲಿನ ಮೇಲಿನ ಮಗುವಿನ ಹಾಗೆ ರೆಪ್ಪೆ ಹೊಡೆಯದೆ ನಿಂತೆ. ಆಮೇಲೆ ಎದೆಯ ಮೇಲಿನ ಕರಡಿಗೆಗೆ ಕೈ ಹಚ್ಚಿ, "ಹೇಳ್ತಾನವ್ವಾ. ನಾ ಮಾತ ಕೊಡ್ತೇನಿ" ಅಂದರು.

"ಹಂಗಾರ ಆತು" ಅಂದು ಮಗಳು ಆಡಲು ಓಡಿದಳು.